ಹೊತ್ತು ಮುಳುಗುವ ಮುಂಚಿನ ಮಾತ್ರೆ

ಜ್ವಾಲಾಮಾಲಿನಿಯವರ ಇಸಿಜಿ ಕಾಗದ ಯಂತ್ರದಿಂದ ಹೊರಗೆ ಬಂದಾಗ ಅದನ್ನು ಮೊದಲು ನೋಡಿದವಳು ನಾನು. ಹೃದಯದ ತಾಳ ಸರಿಯಿದೆಯೇ ಎಂದು ಹೇಳುವ, ಮೂಲೆಯಲ್ಲಿ ಅಚ್ಚಾಗಿದ್ದ ಅಂಕಿ ಐನೂರ ಎಂಟು. ಐನೂರು ದಾಟಿದರೆ ಓಡಿಹೋಗಿ ಡಾಕ್ಟರನ್ನು ಕರೆಯಬೇಕು ಎಂದು ತರಬೇತಿಯಲ್ಲಿ ಹತ್ತು ಸಲ ಹೇಳಿದ್ದರು. ನಾನು ಓಡಲಿಲ್ಲ. ಮಂಚದ ಮೇಲೆ ಮಲಗಿದ್ದ ಅವರು ಎದೆಗೆ ಅಂಟಿಸಿದ್ದ ವೈರುಗಳನ್ನು ತಾವೇ ಕಿತ್ತುಕೊಳ್ಳುತ್ತಾ, "ಆಯ್ತೇನಮ್ಮ ವರ್ಷಾ? ಹನ್ನೊಂದೂವರೆ ಬಸ್ಸು ಸಿಗುತ್ತಾ?" ಎಂದು ಕೇಳಿದರು.

"ಅಲುಗಾಡಬೇಡಿ ಅಮ್ಮ," ಎಂದೆ. ನನ್ನ ದನಿ ಹೇಗಿತ್ತೋ ಏನೋ, ಅವರ ಕೈ ಅಲ್ಲೇ ನಿಂತುಹೋಯಿತು.

ನಾನು ಕಟ್ಟಾಯ ಎಂಬ ಊರಿನವಳು. ನರ್ಸಿಂಗ್ ಓದಿ, ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೋಆರ್ಡಿನೇಟರ್ ಆಗಿದ್ದೇನೆ. ರಕ್ತದ ಕ್ಯಾನ್ಸರಿಗೆ ಕಂಡುಹಿಡಿದ ಹೊಸ ಮಾತ್ರೆಯೊಂದನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುವ ಕೆಲಸ ಅಲ್ಲಿ ನಡೆಯುತ್ತಿದೆ. ಹುದ್ದೆಯ ಹೆಸರು ದೊಡ್ಡದು. ಮಾಡುವುದೆಂದರೆ, ಬೇರೆಯವರ ಡೈರಿ ಓದುವುದು ಮತ್ತು ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುವುದು. ಈ ಪರೀಕ್ಷೆಗೆ ಸೇರಿದ ಪ್ರತಿಯೊಬ್ಬರೂ ಯಾವ ಹೊತ್ತಿಗೆ ಮಾತ್ರೆ ನುಂಗಿದರು ಎಂದು ದಿನವೂ ಬರೆಯಬೇಕು. ಜನ ಎಷ್ಟು ಬಗೆಯ ಸುಳ್ಳು ಬರೆಯುತ್ತಾರೆ ಎಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದೇ ಪೆನ್ನಿನಲ್ಲಿ ತಿಂಗಳಿನದನ್ನೆಲ್ಲ ತುಂಬಿಸಿಕೊಂಡು ಬರುವವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಬೈಯುತ್ತೇನೆ ಕೂಡ. ನನ್ನ ಬಾಯಿ ಸ್ವಲ್ಪ ಜೋರು.

ಜ್ವಾಲಾಮಾಲಿನಿಯವರ ಡೈರಿ ಹಾಗಿರಲಿಲ್ಲ. ದುಂಡನೆಯ ಅಕ್ಷರ, ಒಂದೂ ಹೊಡೆದುಹಾಕಿ ಬರೆದದ್ದಿಲ್ಲ. ಬೆಳಿಗ್ಗೆ ಎಂಟು, ರಾತ್ರಿ ಎಂಟು. ನಾನು ಆ ಡೈರಿಯನ್ನು ಎತ್ತಿ ಹಿಡಿದು, "ನೋಡಿ, ಇವರನ್ನು ನೋಡಿ ಕಲೀರಿ," ಎಂದು ಅರಕಲಗೂಡಿನ ಹುಲಿಯಪ್ಪನವರಿಗೆ ಎಲ್ಲರ ಮುಂದೆ ಹೇಳಿದ್ದೆ. ಹುಲಿಯಪ್ಪನವರದು ಹೊಗೆಸೊಪ್ಪಿನ ಕೈ, ಡೈರಿಯ ಹಾಳೆಯ ತುಂಬ ಕಂದು ಕಲೆ. ಎಂಟೂ ಕಾಲು, ಏಳೂ ಮುಕ್ಕಾಲು, 'ಮರೆತೋಯ್ತು', 'ಒಂಬತ್ತಾಯ್ತು' ಎಂದೆಲ್ಲ ಅದರಲ್ಲಿತ್ತು. ಅವರು ತಲೆ ಕೆರೆದುಕೊಂಡು ನಕ್ಕಿದ್ದರು. ಜ್ವಾಲಾಮಾಲಿನಿ ಮಾತ್ರ ನಕ್ಕಿರಲಿಲ್ಲ. ವಿನಯ ಎಂದುಕೊಂಡೆ.

ಅವರು ಶ್ರವಣಬೆಳಗೊಳದಲ್ಲಿ ಬೆಟ್ಟದ ಬುಡದಲ್ಲಿ ಕಾಲುಚೀಲ ಮಾರುತ್ತಾರೆ. ಬರಿಗಾಲಲ್ಲಿ ಹತ್ತುವ ಬೆಟ್ಟ. ಹನ್ನೊಂದು ಗಂಟೆಯ ಮೇಲೆ ಬಂಡೆ ಕಾದ ಕಾವಲಿ. ಗಂಡ ಮಹಾವೀರ್ ಅವರದ್ದು ಪಕ್ಕದಲ್ಲೇ ಪೂಜಾಸಾಮಾನಿನ ಅಂಗಡಿ. ಆತ ಮಾತಾಡುವವರಲ್ಲ. ಇವರು ಇಬ್ಬರದ್ದೂ ಸೇರಿಸಿ ಆಡುತ್ತಾರೆ. ಕಾಲುಚೀಲಕ್ಕೆ ಚೌಕಾಸಿ ಮಾಡುವವರಿಗೆ, "ಆಗ್ಲಿ ಸರ್, ಬರಿಗಾಲಲ್ಲೇ ಹೋಗಿ ಬನ್ನಿ. ಇಳಿದು ಬಂದ್ಮೇಲೆ ನೀವೇ ಕೇಳ್ತೀರಿ, ಆವಾಗ ರೇಟು ಬೇರೆ," ಎನ್ನುವ ಹೆಂಗಸು. ಐವತ್ತೆರಡು ವರ್ಷದವರೆಗೂ ನೆಗಡಿಯನ್ನೂ ಕಂಡವರಲ್ಲ.

ಎರಡು ವರ್ಷದ ಹಿಂದೆ ಎಡಪಕ್ಕೆಯ ಕೆಳಗೆ ಕಲ್ಲಿಟ್ಟ ಹಾಗೆ ಭಾರವಾಯಿತು. ಚನ್ನರಾಯಪಟ್ಟಣದಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಹತ್ತು ಸಾವಿರ ಇರಬೇಕಾದ ಬಿಳಿ ರಕ್ತಕಣ ಎರಡು ಲಕ್ಷ ಇತ್ತು. ಅಸ್ಥಿಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರು ಅದು. ಈಗ ಅದಕ್ಕೆ ಮಾತ್ರೆಯಿದೆ, ಸಕ್ಕರೆ ಕಾಯಿಲೆಯವರ ಹಾಗೆ ನುಂಗಿಕೊಂಡು ಬಾಳುವವರು ಎಷ್ಟೋ ಜನ ಇದ್ದಾರೆ. ಇವರ ದುರದೃಷ್ಟಕ್ಕೆ ಆ ಮಾತ್ರೆ ಒಂದು ವರ್ಷ ಕೆಲಸ ಮಾಡಿ ನಿಂತಿತು. ಎರಡನೆಯದು ನಾಲ್ಕು ತಿಂಗಳೂ ಬರಲಿಲ್ಲ. ಆಮೇಲೆ ಬಂದದ್ದು ನಮ್ಮ ಈ ಹೆಸರಿಲ್ಲದ, ಬರೀ ನಂಬರಿರುವ ಮಾತ್ರೆ.

"ಇದೂ ಹಿಡೀಲಿಲ್ಲ ಅಂದ್ರೆ ಡಾಕ್ಟ್ರೇ?" ಎಂದು ಮೊದಲ ದಿನ ಅವರು ಕೇಳಿದ್ದರು. ನಮ್ಮ ಡಾಕ್ಟರ್ ಸಿದ್ದೇಶ್ವರ ಸುಳ್ಳು ಹೇಳುವವರಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂತರು. ಅದೇ ಉತ್ತರ ಎಂದು ಅವರಿಗೂ ಗೊತ್ತಾಯಿತು, ನನಗೂ.

ಆವತ್ತು ಒಪ್ಪಿಗೆ ಪತ್ರದ ಇಪ್ಪತ್ತೆರಡು ಪುಟವನ್ನೂ ನಾನೇ ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮಾತ್ರೆಗೆ ಎರಡು ಗಂಟೆ ಮುಂಚೆ ಏನೂ ತಿನ್ನುವ ಹಾಗಿಲ್ಲ, ಆಮೇಲೆ ಒಂದು ಗಂಟೆ ತಿನ್ನುವ ಹಾಗಿಲ್ಲ. ಊಟದ ಜೊತೆ ಹೋದರೆ ಮದ್ದು ರಕ್ತಕ್ಕೆ ಅಳತೆ ಮೀರಿ ಸೇರುತ್ತದೆ, ಹೃದಯದ ತಾಳ ತಪ್ಪಬಹುದು. ಹನ್ನೆರಡು ಗಂಟೆಗೊಂದು. ಬೆಳಿಗ್ಗೆ ಎಂಟು, ರಾತ್ರಿ ಎಂಟು ಅಂತ ಇಟ್ಟುಕೊಳ್ಳಿ ಎಂದೆ. ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು:

"ನೀರು ಕುಡೀಲೇಬೇಕಾ?"

"ಒಂದು ಲೋಟ ತುಂಬ," ಎಂದೆ.

ನಾನು ಮುಂದಿನ ಪುಟ ತಿರುಗಿಸಿದೆ.

ಈಗ ಮೂರು ತಿಂಗಳ ಮೇಲೆ ಈ ಐನೂರ ಎಂಟು. ಮಾತ್ರೆ ನಿಲ್ಲಿಸಿ ಅವರನ್ನು ದಾಖಲು ಮಾಡಿಕೊಂಡರು. ಹಗಲೂ ರಾತ್ರಿ ಎದೆಗೆ ವೈರು, ತಲೆಯ ಹತ್ತಿರ ಹಸಿರು ಗೆರೆ ಓಡುವ ಪೆಟ್ಟಿಗೆ. ಅದು ಸ್ವಲ್ಪ ಬೇರೆ ಥರ ಸದ್ದು ಮಾಡಿದರೂ ಅವರು ಕಣ್ಣು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನಾನು ಪೆಟ್ಟಿಗೆ ನೋಡುತ್ತಿದ್ದೆ. ಇಬ್ಬರಿಗೂ ಭಯ. ವಿಚಿತ್ರವೆಂದರೆ ಮಾತ್ರೆ ಚೆನ್ನಾಗಿ ಹಿಡಿದಿತ್ತು. ಬಿಳಿಕಣ ಏಳು ಸಾವಿರಕ್ಕೆ ಇಳಿದಿತ್ತು. ಕಾಯಿಲೆಯಿಂದ ಉಳಿಸುತ್ತಿದ್ದದ್ದೇ ಹೃದಯ ನಿಲ್ಲಿಸಲು ಹೊರಟಿತ್ತು. ಅತ್ತ ದರಿ, ಇತ್ತ ಪುಲಿ.

ಮೂರನೆಯ ದಿನ ರಕ್ತದಲ್ಲಿ ಮದ್ದಿನ ಪ್ರಮಾಣದ ವರದಿ ಬಂತು. ಬೇರೆಯವರಿಗಿಂತ ಸರಿಯಾಗಿ ಎರಡರಷ್ಟು. ಈ ಪರೀಕ್ಷೆ ನಡೆಸುವ ಬೆಂಗಳೂರಿನ ಮದ್ದಿನ ಕಂಪನಿಯವರು ಬೆಚ್ಚಿಬಿದ್ದರು. ನಿಯಮದಂತೆಯೇ ನುಂಗುವ ಹೆಂಗಸಿಗೆ ಹೀಗಾಗಿದೆ ಎಂದ ಮೇಲೆ ತಪ್ಪು ಮಾತ್ರೆಯದ್ದೇ. ಆದ್ದರಿಂದ ಅದೇ ಅಳತೆಯಲ್ಲಿ ನುಂಗುತ್ತಿರುವ ಎಲ್ಲರಿಗೂ ಪ್ರಮಾಣ ಇಳಿಸೋಣವೇ ಎಂದು ಮೇಲ್ ಕಳಿಸಿದರು. ಹುಲಿಯಪ್ಪನವರೂ ಅದೇ ಅಳತೆಯವರು.

ಆವತ್ತೇ ಅವರು ಪರೀಕ್ಷೆಗೆ ಬಂದಿದ್ದರು. ಡಾಕ್ಟರ ಹತ್ತಿರ ಸುದ್ದಿ ಕೇಳಿ, ನೇರ ಜ್ವಾಲಾಮಾಲಿನಿಯವರ ಮಂಚದ ಹತ್ತಿರ ಬಂದರು. ಕೈಯಲ್ಲಿ ಒಂದು ಎಳನೀರು.

"ಏನವ್ವ ಇಂಗೆ ಮಲಗ್ಬುಟ್ಟೆ? ತಗೋ, ನಮ್ ತ್ವಾಟದ್ದು," ಎಂದು ಎಳನೀರನ್ನು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕುಕ್ಕರಿಸಿದರು. "ನನ್ ಮಾತ್ರೆ ಕಮ್ಮಿ ಮಾಡ್ತಾರಂತೆ ಕಣವ್ವಾ. ಈಗ ತಾನೆ ಎದ್ದು ಓಡಾಡ್ತಾ ಇವ್ನಿ. ಕಮ್ಮಿ ಮಾಡುದ್ರೆ ಕಾಯ್ಲೆ ವಾಪಸ್ ಬರಕಿಲ್ವಾ? ಸಾಯೋಕೆ ಎದರ್ಕೆ ಇಲ್ಲ ಅಂತ ಊರಲ್ಲಿ ಏಳ್ಕಂಡು ತಿರುಗ್ತಿದ್ದೆ. ಸುಳ್ಳು ಕಣವ್ವ. ಬೋ ಎದರ್ಕೆ ಆಯ್ತದೆ."

ಅವರು ಹೋದ ಮೇಲೆ ಜ್ವಾಲಾಮಾಲಿನಿ ನನ್ನನ್ನು ಕೇಳಿದರು, "ಅವರದ್ದು ಯಾಕಮ್ಮ ಕಮ್ಮಿ ಮಾಡೋದು?"

ನಾನು ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ನಿಮ್ಮ ಇಸಿಜಿ ನೋಡಿ ಅಮ್ಮ. ಇನ್ಯಾಕೆ?" ಎಂದುಬಿಟ್ಟೆ.

ಅವರ ಮುಖದಲ್ಲಿ ರಕ್ತ ಇಳಿದುಹೋದದ್ದು ನನಗೆ ಕಾಣಿಸಿತು. ಪೆಟ್ಟಿಗೆ ಬಡಬಡನೆ ಸದ್ದು ಮಾಡತೊಡಗಿತು. ನಾನು ಗಾಬರಿಯಿಂದ ಗುಂಡಿ ಒತ್ತಲು ಹೋದರೆ ಅವರು ನನ್ನ ಕೈ ಹಿಡಿದುಕೊಂಡರು. ಪರದೆ ಎಳೆಯಲು ಹೇಳಿದರು.

"ಡೈರಿಯಲ್ಲಿ ಬರೆದಿರೋದು ಸುಳ್ಳು ಕಣಮ್ಮ."

ಹೇಳಿದ್ದಿಷ್ಟು. ಕಾಯಿಲೆ ಗೊತ್ತಾದ ವಾರವೇ ಅವರು ಬಸದಿಗೆ ಹೋಗಿ, ಅಲ್ಲಿದ್ದ ಸನ್ಯಾಸಿನಿ ಮಾತಾಜಿಯವರ ಮುಂದೆ ಕೈಮುಗಿದು ಒಂದು ನೇಮ ತೆಗೆದುಕೊಂಡಿದ್ದರು. ಹೊತ್ತು ಮುಳುಗಿದ ಮೇಲೆ ಬದುಕಿರುವವರೆಗೂ ಬಾಯಿಗೆ ಏನೂ ಹಾಕುವುದಿಲ್ಲ, ಒಂದು ಹನಿ ನೀರೂ ಇಲ್ಲ. ಮೊದಲಿನ ಎರಡು ಮಾತ್ರೆಗಳು ಹಗಲಲ್ಲಿ ನುಂಗುವಂಥವು, ತೊಂದರೆಯಾಗಲಿಲ್ಲ. ನಾನು ರಾತ್ರಿ ಎಂಟು ಎಂದಾಗ ಅವರ ಎದೆ ಧಸಕ್ಕೆಂದಿತ್ತು. ನೇಮ ಇದೆ ಎಂದರೆ ಎಲ್ಲಿ ಸೇರಿಸಿಕೊಳ್ಳುವುದಿಲ್ಲವೋ ಎಂದು ಸುಮ್ಮನಾದರು. ಮೊದಲ ಕೆಲವು ದಿನ, ಬರೀ ಮಾತ್ರೆ ಆಹಾರವಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡು, ನೀರಿಲ್ಲದೆ ನುಂಗಿ ನೋಡಿದರು. ಅದು ಗಂಟಲಲ್ಲೇ ಕೂತು ಉರಿದು ವಾಂತಿಯಾಯಿತು. ಆಮೇಲೆ ಸಂಜೆ ಆರು ಗಂಟೆಗೆ, ಊಟದ ಜೊತೆಯಲ್ಲೇ ನುಂಗಿ ಎಂಟು ಎಂದು ಬರೆಯತೊಡಗಿದರು.

ನನಗೆ ಎಲ್ಲಿತ್ತೋ ಸಿಟ್ಟು. "ಊಟದ ಜೊತೆ ಬೇಡ ಅಂತ ಎಷ್ಟು ಸಲ ಹೇಳಿದ್ದೆ? ಸತ್ತುಹೋಗ್ತಿದ್ರಿ ನೀವು! ಆ ಮಾತಾಜಿ ಔಷಧಿಗೂ ಬೇಡ ಅಂದ್ರಾ?"

"ಇಲ್ಲ ಕಣಮ್ಮ. ಅವರು ಔಷಧಿಗೆ, ನೀರಿಗೆ ವಿನಾಯಿತಿ ಇಟ್ಕೋ ಅಂತಲೇ ಹೇಳಿದ್ರು. ನಾನೇ ಬೇಡ ಅಂದೆ. ದಿನ ಬೆಳಗಾದ್ರೆ ಚೌಕಾಸಿ ಮಾಡೋಳು ನಾನು. ಆವತ್ತು ಎಷ್ಟು ಹೆದರಿದ್ದೆ ಅಂದ್ರೆ, ಭಗವಂತನ ಹತ್ರ ಚೌಕಾಸಿ ಮಾಡೋಕೆ ಧೈರ್ಯ ಬರಲಿಲ್ಲ. ಪೂರ್ತಿ ಕೊಟ್ರೆ ಪೂರ್ತಿ ಉಳಿಸ್ತಾನೆ ಅನ್ನಿಸ್ತು. ಮುರಿದ್ರೆ ಆವತ್ತೇ ಮುಗೀತು ಅಂತ ಒಳಗೆ ಕೂತುಬಿಟ್ಟಿದೆ."

ನಾನು ಮತ್ತೆ ಬಾಯಿ ತೆರೆಯುವುದರೊಳಗೆ ಅವರು ಅಳತೊಡಗಿದರು. "ಹುಳ ಸಾಯಬಾರದು ಅಂತ ಕುಡಿಯೋ ನೀರನ್ನ ಬಟ್ಟೆಯಲ್ಲಿ ಸೋಸಿ ಕುಡಿಯೋರು ನಾವು. ಅಂಥಾದ್ರಲ್ಲಿ ಆ ಮನುಷ್ಯನ ಮಾತ್ರೆ ನಾನು ಕಿತ್ಕೊಂಡ ಹಾಗಾಯ್ತಲ್ಲ. ಎಳನೀರು ತಂದುಕೊಟ್ಟು ಹೋದರು ಕಣೇ." ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ನನ್ನನ್ನ ತೆಗೆದುಹಾಕ್ತಾರಾ?" ಎಂದರು.

"ಗೊತ್ತಿಲ್ಲ ಅಮ್ಮ."

ನಿಜ ಹೇಳುತ್ತೇನೆ, ಮುಚ್ಚಿಡೋಣ ಅನ್ನಿಸಿತು. ಸುಳ್ಳು ಡೈರಿ ಬರೆದವರನ್ನು ಪರೀಕ್ಷೆಯಿಂದ ಕೈಬಿಡಬಹುದು ಎಂದು ನಿಯಮದಲ್ಲೇ ಇದೆ. ಕೈಬಿಟ್ಟರೆ ಅವರಿಗೆ ಬೇರೆ ಮದ್ದಿಲ್ಲ. ಅವರು ನನ್ನ ಮುಖ ಓದಿದರು.

"ಬರಿಯಮ್ಮ. ಇದ್ದದ್ದು ಇದ್ದ ಹಾಗೆ ಬರಿ," ಎಂದರು.

ಡಾಕ್ಟರ್ ಸಿದ್ದೇಶ್ವರ ಎಲ್ಲ ಕೇಳಿ ಬೈಯಲಿಲ್ಲ. "ಸಂಜೆ ಎಷ್ಟೊತ್ತಿಗೆ ಊಟ ಮಾಡ್ತೀರಿ ಅಂತ ನಾವು ಅವರನ್ನ ಕೇಳಿದ್ವಾ ವರ್ಷಾ?" ಎಂದರು. ಇಪ್ಪತ್ತೆರಡು ಪುಟದಲ್ಲಿ ಆ ಪ್ರಶ್ನೆ ಇರಲಿಲ್ಲ. ಜೈನರು ಹೊತ್ತು ಮುಳುಗುವ ಮುಂಚೆ ಉಣ್ಣುತ್ತಾರೆ ಎಂದು ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ನನ್ನ ಹೈಸ್ಕೂಲು ಗೆಳತಿ ಸಂಜೆ ಐದಕ್ಕೇ ಮನೆಗೆ ಓಡುತ್ತಿದ್ದಳು. ಎಲ್ಲ ಗೊತ್ತಿದ್ದೂ, ಎದುರಿಗೆ ಕೂತ ಜ್ವಾಲಾಮಾಲಿನಿ ಎಂಬ ಜೈನ ಹೆಸರಿನ ಹೆಂಗಸಿಗೆ ನಾನು ರಾತ್ರಿ ಎಂಟು ಎಂದಿದ್ದೆ. ಊರಿಗೆಲ್ಲ ಬೈಯುವ ನಾನು ಆವತ್ತು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಹನ್ನೊಂದು ದಿನ ಕಂಪನಿಯಿಂದ ಉತ್ತರ ಬರಲಿಲ್ಲ. ಮಾತ್ರೆ ನಿಂತಿತ್ತು. ಇಸಿಜಿ ಸರಿಹೋಯಿತು, ಮನೆಗೆ ಕಳಿಸಿದೆವು. ಆದರೆ ಬಿಳಿಕಣ ಏಳು ಸಾವಿರದಿಂದ ಹದಿನೆಂಟಕ್ಕೆ ಏರಿತು, ಹದಿನೆಂಟರಿಂದ ಮೂವತ್ತೊಂದಕ್ಕೆ. ದಿನವೂ ಮಧ್ಯಾಹ್ನ ಫೋನ್ ಬರುತ್ತಿತ್ತು. "ಬಂತಾ?" ಎನ್ನುತ್ತಿದ್ದರು. "ಇಲ್ಲ," ಎನ್ನುತ್ತಿದ್ದೆ. ಹಿಂದೆ ಯಾರೋ ಕಾಲುಚೀಲಕ್ಕೆ ಚೌಕಾಸಿ ಮಾಡುವುದು ಕೇಳಿಸುತ್ತಿತ್ತು. ಗಿರಾಕಿ ಕೇಳಿದ ರೇಟಿಗೆ ಇವರು ಕೊಟ್ಟುಬಿಡುತ್ತಿದ್ದರು. ಅದು ನನಗೆ ರಕ್ತದ ವರದಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಹನ್ನೆರಡನೆಯ ದಿನ ಉತ್ತರ ಬಂತು. ಹುಲಿಯಪ್ಪನವರ ಅಳತೆ ಇದ್ದ ಹಾಗೇ ಇರಲಿ. ಜ್ವಾಲಾಮಾಲಿನಿ ಮುಂದುವರಿಯಬಹುದು. ಆದರೆ ಎರಡು ತಿಂಗಳು ಒಂದು ಹೊತ್ತು ತಪ್ಪಿದರೂ, ಒಂದು ಸುಳ್ಳು ಸಮಯ ಕಂಡರೂ ಕೈಬಿಡುತ್ತೇವೆ.

ಹೊತ್ತು ಹುಟ್ಟಿ ಮುಳುಗುವ ವೇಳೆ ಅಚ್ಚಾಗಿದ್ದ ಜ್ವಾಲಾಮಾಲಿನಿಯವರ ಮನೆಯ ಕ್ಯಾಲೆಂಡರ್ ಮುಂದಿಟ್ಟುಕೊಂಡು ನಾವಿಬ್ಬರೂ ಕೂತೆವು. ಸಂಜೆ ನಾಲ್ಕಕ್ಕೆ ಊಟ. ಆರೂವರೆಗೆ, ಹೊತ್ತು ಮುಳುಗುವ ಮುಂಚೆ, ಸೋಸಿದ ನೀರಿನಲ್ಲಿ ಮಾತ್ರೆ. ಬೆಳಿಗ್ಗೆ ಹೊತ್ತು ಹುಟ್ಟಿದ ಮೇಲೆ, ಆರೂವರೆಗೆ ಇನ್ನೊಂದು. ಆಕಡೆ ಈಕಡೆ ಒಂದು ಗಂಟೆಯಾದರೆ ನಡೆಯುತ್ತದೆ. ನೇಮವೂ ಉಳಿಯಿತು, ಮಾತ್ರೆಯೂ ಉಳಿಯಿತು. ಅರ್ಧ ಗಂಟೆಯ ಕೆಲಸ. ಇದಕ್ಕೆ ಅವರು ಸಾಯುವವರೆಗೆ ಹೋಗಿ ಬಂದಿದ್ದರು.

ಐದು ವಾರ ಸರಿಯಾಗಿ ನಡೆಯಿತು. ಆಷಾಢದ ಒಂದು ಸಂಜೆ ನಾನು ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಫೋನ್ ಬಂತು.

"ವರ್ಷಾ, ಬಸ್ಸು ಕೆಟ್ಟು ನಿಂತಿದೆ ಕಣಮ್ಮ." ಹೊಳೆನರಸೀಪುರದಲ್ಲಿರುವ ಮಗಳು ಸಮತಾಳ ಮನೆಗೆ ಹೋಗಿ, ಮಧ್ಯಾಹ್ನವೇ ಹೊರಟಿದ್ದರಂತೆ. ಚನ್ನರಾಯಪಟ್ಟಣಕ್ಕೆ ಇನ್ನೂ ದೂರವಿದೆ. ಆರಕ್ಕೆಲ್ಲ ಊರು ಸೇರುತ್ತೇನೆಂದು ತಂದಿದ್ದ ನೀರನ್ನು ಮುಂಚೆಯೇ ಕುಡಿದು ಮುಗಿಸಿದ್ದರು. ಮಳೆಯಲ್ಲಿ ನಡೆದು, ರಸ್ತೆ ಪಕ್ಕದ ಒಂದು ಮನೆಯಲ್ಲಿ ನೀರು ಕೇಳಿ, ಸೆರಗಿನಲ್ಲಿ ಸೋಸಿಕೊಂಡಿದ್ದಾರೆ. ಮಾತ್ರೆ ಕೈಯಲ್ಲಿದೆ. ಏದುಸಿರು ಬಿಡುತ್ತಿದ್ದರು. "ಮೋಡ ಕವಿದುಬಿಟ್ಟಿದೆ. ಏನೂ ಕಾಣ್ತಿಲ್ಲ. ಹೊತ್ತು ಮುಳುಗಿತೇನಮ್ಮ?"

ಫೋನಿನಲ್ಲಿ ನೋಡಿದೆ. ಆವತ್ತಿನ ಸೂರ್ಯಾಸ್ತ ಆರು ಐವತ್ತನಾಲ್ಕು. ಈಗ ಆರು ಐವತ್ತಾರು.

ಇನ್ನೂ ಮುಳುಗಿಲ್ಲ ಎಂದರೆ ಮುಗಿಯಿತು, ಅವರು ನುಂಗುತ್ತಾರೆ. ಎರಡು ನಿಮಿಷವನ್ನು ಯಾರು ಕಂಡಾರು? ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಳ್ಳು ಸಮಯಕ್ಕೆ ಅಷ್ಟು ಬೈದವಳು ನಾನು, ಇದ್ದದ್ದು ಇದ್ದ ಹಾಗೆ ಬರಿ ಎಂದವರು ಅವರು.

"ಮುಳುಗಿ ಎರಡು ನಿಮಿಷ ಆಯ್ತು ಅಮ್ಮ," ಎಂದೆ.

ಆ ಕಡೆ ಮಳೆ ಸುರಿಯುತ್ತಿತ್ತು. "ಅಮ್ಮಾ, ಏಳೂವರೆವರೆಗೂ ಸಮಯ ಇದೆ," ಎಂದೆ. ಏನು ಉಪಯೋಗ? ಏಳೂವರೆಗೆ ಹೊತ್ತೇನು ವಾಪಸ್ ಬರುತ್ತದೆಯೇ? "ಅಮ್ಮಾ, ಮಾತಾಜಿ ಔಷಧಿಗೆ ವಿನಾಯಿತಿ ಅಂದಿದ್ರಲ್ಲ..." ಎಂದು ಬೇಡಿಕೊಂಡೆ.

"ನನ್ನ ಹೆದರಿಕೆಗೆ ವಿನಾಯಿತಿ ಇಲ್ವಲ್ಲ ಕಣಮ್ಮ," ಎಂದರು ಮೆಲ್ಲಗೆ. ಆಮೇಲೆ ಅವರು ಏನೋ ಗೊಣಗಿಕೊಳ್ಳುವುದು ಕೇಳಿಸಿತು, ಮಂತ್ರವಿರಬೇಕು. ಆಮೇಲೆ ಗುಟುಕು. ಇನ್ನೊಂದು ಗುಟುಕು. ಒಂದು ಲೋಟ ತುಂಬ ನೀರು ಗಂಟಲಲ್ಲಿ ಇಳಿಯುವುದನ್ನು ನಾನು ಪೂರ್ತಿ ಕೇಳಿಸಿಕೊಂಡೆ.

"ಆರು ಐವತ್ತೆಂಟು. ಹಂಗೇ ಬರೀತೀನಿ," ಎಂದು ಫೋನ್ ಇಟ್ಟರು.

ಆವತ್ತು ನನಗೆ ಊಟ ಸೇರಲಿಲ್ಲ. ದೇವರು ದಿಂಡರು ಎಂದು ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳುವವಳಲ್ಲ. ಆದರೂ ಮುರಿದರೆ ಆವತ್ತೇ ಮುಗಿಯಿತು ಎಂದು ನಂಬಿದ ಹೆಂಗಸಿನ ಎದೆ, ಅದೂ ಐನೂರ ಎಂಟು ಕಂಡ ಎದೆ, ಬರೀ ಹೆದರಿಕೆಗೇ ನಿಂತುಹೋದರೆ?

ಬೆಳಿಗ್ಗೆ ಆರೂವರೆಗೆ ಫೋನ್ ಬಡಿದುಕೊಂಡಿತು. ಜ್ವಾಲಾಮಾಲಿನಿಯವರ ಮೊಬೈಲಲ್ಲ, ಅವರ ಮನೆಯ ನಂಬರ್. ಮಹಾವೀರ್ ಎಂದೂ ಫೋನ್ ಮಾಡುವವರಲ್ಲ. ಮಾಡಿದರೆ ಅದು ಒಂದೇ ಕಾರಣಕ್ಕೆ. ನಾಲ್ಕು ಸಲ ಬಡಿದುಕೊಳ್ಳುವವರೆಗೂ ಎತ್ತಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಐದನೆಯದಕ್ಕೆ ಎತ್ತಿ ಕಿವಿಗಿಟ್ಟುಕೊಂಡೆ.

"ಎದ್ದೆ ಕಣಮ್ಮ," ಎಂದರು ಜ್ವಾಲಾಮಾಲಿನಿ. "ಬೆಳಗಿನದೂ ನುಂಗಿದೆ. ಆರು ಇಪ್ಪತ್ತೊಂಬತ್ತು. ಬರ್ಕೋ."